ಅಂಚಿಗಿಟ್ಟ ಕರಿ ಬೊಟ್ಟು

ಸಿದ್ದಗಂಗಮ್ಮನ ಮನೆಯ ಗೋಡೆಯ ಮೇಲೆ ಒಂಬತ್ತು ಲಕ್ಷ್ಮಿಯರಿದ್ದರು. ಎಲ್ಲ ಊದುಬತ್ತಿಯ ಕವರುಗಳು. ಎಂಟು ಕೆಟ್ಟವು, ಒಂದು ನೆಟ್ಟಗಿದ್ದದ್ದು. ಗಂಡ ನಾಗಲಿಂಗಯ್ಯ ಪ್ರೆಸ್ಸಿನಿಂದ ದಿನಕ್ಕೊಂದರಂತೆ ತಂದು, ಮೈದಾ ಅಂಟಿನಲ್ಲಿ ಸಾಲಾಗಿ ಅಂಟಿಸಿದ್ದ.

ಕವರಿನ ತುಂಬ ಲಕ್ಷ್ಮಿಯ ಚಿತ್ರ. ಪಾದದ ಕೆಳಗೆ ಖಾಲಿ ಪಟ್ಟಿ. ಆ ಪಟ್ಟಿಯೊಳಗೆ ಊದುಬತ್ತಿ ಮಾರುವವನ ಹೆಸರು ಬೀಳಬೇಕು. ರುದ್ರಯ್ಯ, ಕೊರಟಗೆರೆ. ಗೋಡೆಯ ಮೊದಲನೇ ಕವರಿನಲ್ಲಿ ರುದ್ರಯ್ಯ ಲಕ್ಷ್ಮಿಯ ಕಿರೀಟದ ಮೇಲಿದ್ದ. ಎರಡನೆಯದರಲ್ಲಿ ಮುಖದ ಮೇಲೆ. ಆಮೇಲೆ ಕುತ್ತಿಗೆ, ಎದೆ, ಸೊಂಟ, ಮಂಡಿ, ಕಾಲ್ಗೆಜ್ಜೆ, ಕಾಲುಬೆರಳು. ಒಂಬತ್ತನೆಯದರಲ್ಲಿ ಪಾದದ ಕೆಳಗೆ, ಪಟ್ಟಿಯ ನಡುಮಧ್ಯೆ ಬಂದು ಕೂತಿದ್ದ.

"ರುದ್ರಯ್ಯನ್ನ ತಲೆ ಮೇಲಿಂದ ಇಳ್ಸಿ ಪಾದದ ಕೆಳೀಕ್ ಕೂರ್ಸಾಕೆ ಒಂಬತ್ ದಿನ ಹಿಡೀತು ಕಣೆ" ಅಂದಿದ್ದ ನಾಗಲಿಂಗಯ್ಯ, ಕೊನೆಯದನ್ನು ಅಂಟಿಸಿದ ದಿನ.

"ಕೆಟ್ಟಿದ್ದನ್ನ ಯಾಕೆ ಅಂಟುಸ್ತೀರಿ? ಸರಿ ಇರೋದೊಂದು ಸಾಲ್ದಾ?"

"ಲಕ್ಷ್ಮೀನ ತಿಪ್ಪೆಗ್ ಹಾಕಾಕಾಯ್ತದಾ? ಅದೂ ಅಲ್ದೆ, ನಾನು ಎಲ್ಲೆಲ್ಲಿ ತಪ್ದೆ ಅಂತ ನಂಗೆ ಗೊತ್ತಿರ್ಬೇಕಲ್ಲ."

ನಾಗಲಿಂಗಯ್ಯ ಪಾವಗಡದ ಕಡೆಯವನು, ಬಲಸಮುದ್ರದ ಹತ್ತಿರದ ಊರು. ಮಾತು ಕನ್ನಡ, ಸಿಟ್ಟು ಬಂದರೆ ತೆಲುಗು. ಎಪ್ಪತ್ತೊಂದರಲ್ಲಿ ಮಧುಗಿರಿಗೆ ಬಂದು ಶಂಕರಲಿಂಗಪ್ಪನ ಪ್ರೆಸ್ಸಿಗೆ ಸೇರಿದ. ಆಗ ಅಲ್ಲಿದ್ದದ್ದು ಕಾಲಲ್ಲಿ ತುಳಿಯುವ ಟ್ರೆಡಲ್ ಮಿಷನ್ನು ಒಂದೇ. ಲಗ್ನಪತ್ರಿಕೆ, ರಸೀದಿ ಪುಸ್ತಕ, ಬೀಡಿಯ ಚೀಟಿ. ಮಿಷನ್ನು ಬಾಯಿ ಬಿಟ್ಟಾಗ ಕಾಗದ ಇಡಬೇಕು, ಬಾಯಿ ಮುಚ್ಚುವುದರೊಳಗೆ ಕೈ ತೆಗೆಯಬೇಕು. ಐದು ವರ್ಷ ತೆಗೆದ. ಎಪ್ಪತ್ತಾರರಲ್ಲಿ ಒಂದು ದಿನ ತೆಗೆಯಲಿಲ್ಲ. ಬಲಗೈ ತೋರುಬೆರಳ ತುದಿ ಹೋಯಿತು. ಅವತ್ತು ಸಿದ್ದಗಂಗಮ್ಮನಿಗೆ ಬೆಳಗಿನಿಂದ ಹೆರಿಗೆ ನೋವು. ಹೆಣ್ಣೋ ಗಂಡೋ ಎಂದು ಯೋಚಿಸುತ್ತಾ ನಿಂತಿದ್ದನಂತೆ. ಸಂಜೆ ಬಟ್ಟೆ ಸುತ್ತಿದ ಕೈಯಲ್ಲೇ ಮಗಳನ್ನು ಎತ್ತಿಕೊಂಡ.

ಅಲ್ಲಿಂದಾಚೆಗೆ ಅವನಿಗೆ ಹೊತ್ತಿನ ಹುಚ್ಚು ಹಿಡಿಯಿತು. ಯಾವುದು ಯಾವಾಗ ಬೀಳಬೇಕೋ ಆವಾಗಲೇ ಬೀಳಬೇಕು. ಅವಳು ಮುದ್ದೆಯ ಎಸರಿಗೆ ಹಿಟ್ಟು ಹಾಕುವಾಗಲೂ ಪಕ್ಕದಲ್ಲಿ ನಿಂತು, "ಈಗ್ ಹಾಕು" ಅನ್ನುವನು. "ನನ್ ಒಲೆ ನಂಗ್ ಬುಡ್ರಿ" ಅನ್ನುವಳು.

ಎಂಬತ್ತಮೂರರಲ್ಲಿ ಶಂಕರಲಿಂಗಪ್ಪ ಶಿವಕಾಶಿಯಿಂದ ಹಳೆಯ ರೀಲು ಮಿಷನ್ನೊಂದನ್ನು ತರಿಸಿದ. ಗೊರವನಹಳ್ಳಿಯ ಲಕ್ಷ್ಮಿ ಗುಡಿಗೆ ಬಸ್ಸುಗಟ್ಟಲೆ ಜನ ಬರಲು ಶುರುವಾಗಿತ್ತು. ಬಂದವರೆಲ್ಲ ಊದುಬತ್ತಿ ಕೊಳ್ಳುವವರೇ. ರುದ್ರಯ್ಯನಿಗೆ ಕವರು ಎಷ್ಟಿದ್ದರೂ ಸಾಲದು. ಲಕ್ಷ್ಮಿಯ ಚಿತ್ರ ಹೊತ್ತ ಕಾಗದ ಶಿವಕಾಶಿಯಿಂದ ರೀಲಿನಲ್ಲಿ ಬರುತ್ತಿತ್ತು, ಗಾಡಿಯ ಚಕ್ರದಷ್ಟು ಭಾರದ ಸುರುಳಿ. ಮಧುಗಿರಿಯ ಮಿಷನ್ನು ಅದರ ಮೇಲೆ ಹೆಸರು ಒತ್ತಿ, ಒಂದೊಂದೇ ಕವರನ್ನು ಕತ್ತರಿಸಿ ಬೀಳಿಸಬೇಕು.

ಒತ್ತುವ ಅಚ್ಚು, ಕತ್ತರಿಸುವ ಕತ್ತಿ ಎರಡೂ ಯಾವಾಗ ಬೀಳಬೇಕು ಎಂದು ಹೇಳುವುದಕ್ಕೆ ಮಿಷನ್ನಿಗೆ ಒಂದು ಕಣ್ಣಿತ್ತು. ಸಣ್ಣ ದೀಪ, ಪಕ್ಕದಲ್ಲಿ ಗಾಜಿನ ಗುಂಡಿ. ಕಾಗದದ ಅಂಚಿನಲ್ಲಿ ಲಕ್ಷ್ಮಿಗೊಂದರಂತೆ ಕರಿ ಗುರುತು ಅಚ್ಚಾಗಿರುತ್ತಿತ್ತು. ಗುರುತು ಕಣ್ಣಿನ ಕೆಳಗೆ ಬಂದರೆ ಅಚ್ಚು ಬೀಳುತ್ತದೆ, ಕತ್ತಿ ಬೀಳುತ್ತದೆ. ಶಿವಕಾಶಿಯವನು ಅರ್ಧ ದಿನ ನಿಂತು ಸರಿಮಾಡಿ, ಊಟ ಮಾಡಿ ಹೋದ. ಮೂರನೇ ದಿನ ಮಿಷನ್ನಿನ ಓಟ ಸ್ವಲ್ಪ ಜೋರು ಮಾಡಿದ್ದೇ ತಡ, ರುದ್ರಯ್ಯ ಲಕ್ಷ್ಮಿಯ ತಲೆ ಏರಿದ. ಕಾಗದ ಬರೆದರೂ ಶಿವಕಾಶಿಯವನು ಮತ್ತೆ ಬರಲಿಲ್ಲ. ನಾಗಲಿಂಗಯ್ಯ ಮಿಷನ್ನಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ.

ಮನೆಗೆ ಬಂದು ಅವಳಿಗೆ ಹೇಳುವನು. "ಒರಳಲ್ಲಿ ನೀನು ಒನಕೆ ಆಡುಸ್ತೀಯ, ನಾನು ಕೈಯಾಗೆ ಕಾಳು ಒಳಿಕ್ ತಳ್ತೀನಿ ಅನ್ಕೊ. ಒನಕೆ ಬರೋದು ಕಂಡ್ ಮ್ಯಾಲೆ ಕೈ ತಗದ್ರೆ ಕೈ ಉಳೀತದಾ? ಮೊದ್ಲೇ ತಗೀಬೇಕು. ಅಂಗೇ ಇದೂನೂವೆ. ಕಣ್ಣು ಕಾಣೋದಕ್ಕೂ ಕತ್ತಿ ಬೀಳೋದಕ್ಕೂ ನಡುವೆ ವಸಿ ಹೊತ್ತು ಐತೆ. ಅಷ್ಟೊತ್ತಿಗೆ ಕಾಗ್ದ ಓಡೋಗಿರ್ತದೆ. ಓಟ ಜೋರಾದಂಗೆ ಇನ್ನೂ ಮುಂದುಕ್ ಓಗಿರ್ತದೆ. ಆ ವಸಿ ಹೊತ್ತನ್ನ ಇಡಿಯೋದೇ ಕೆಲ್ಸ."

"ಮಿಷನ್ನಿಗೂ ಕಣ್ಣಾ?"

"ಒಂದೇ ಕಣ್ಣು. ಕರಿ ಬೊಟ್ಟು ಬಿಟ್ರೆ ಇನ್ನೇನೂ ಕಾಣಾಕಿಲ್ಲ ಅದಕ್ಕೆ."

"ಬೊಟ್ಟು ಯಾಕ್ ಇಟ್ಟವ್ರೆ? ದೃಷ್ಟಿ ತಾಕ್ಬಾರ್ದು ಅಂತಲಾ?"

ಅವನು ನಕ್ಕ. "ಊಂ ಕಣೆ. ಬೊಟ್ಟಿಲ್ದಿದ್ರೆ ಮಿಷನ್ನು ಕೆಡ್ತದೆ."

ಅವನು ಹೇಳಿದ್ದು ತಮಾಷೆಗೆ. ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟ ಸಿದ್ದಗಂಗಮ್ಮ ಅದನ್ನು ನಿಜವೆಂದೇ ಇಟ್ಟುಕೊಂಡಳು.

ಒಂಬತ್ತು ದಿನದ ಮೇಲೆ ಹೊತ್ತು ಕೂತಿತು. ಅದನ್ನು ಹಿಡಿದಿಡುವ ಸ್ಕ್ರೂ ಅಲುಗಾಡಬಾರದೆಂದು ನಾಗಲಿಂಗಯ್ಯ ಅದರ ಮೇಲೆ ಕೆಂಪು ಅರಗು ಕರಗಿಸಿ ಬಿಟ್ಟ. ಆರುವ ಮುಂಚೆ, ಬೆರಳಿಗೆ ಎಂಜಲು ಹಚ್ಚಿಕೊಂಡು, ಮೊಟಕು ಬೆರಳಿನಲ್ಲಿ ಒತ್ತಿದ. ಅಂಚೆ ಕಚೇರಿಯ ಮೊಹರಿನ ಹಾಗೆ ಗುರುತು ನಿಂತಿತು. ಮೂರು ವರ್ಷ ಆ ಅರಗನ್ನು ಯಾರೂ ಮುಟ್ಟಲಿಲ್ಲ. ಮುಟ್ಟುವ ಪ್ರಮೇಯವೇ ಬರಲಿಲ್ಲ.

ಎಂಬತ್ತಾರರ ಶ್ರಾವಣ. ಒಂದು ಸೋಮವಾರ ಬೆಳಿಗ್ಗೆ ನಾಗಲಿಂಗಯ್ಯ ಹಿತ್ತಲಲ್ಲಿ ಹಲ್ಲುಜ್ಜುತ್ತಾ ಕುಸಿದ. ಚೊಂಬು ಉರುಳಿದ ಸದ್ದಿಗೆ ಅವಳು ಹೊರಗೆ ಬಂದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಲವತ್ತೊಂದು ವರ್ಷ.

ಅದರ ಬಗ್ಗೆ ಇನ್ನೇನು ಹೇಳುವುದು. ಮುಗಿದಿತ್ತು.

ತಿಂಗಳ ಮೇಲೆ ಶಂಕರಲಿಂಗಪ್ಪ ಮನೆಗೆ ಬಂದು, "ಗಂಗಮ್ಮ, ಕವರು ಆರಿಸೋ ಕೆಲ್ಸಕ್ಕೆ ಬಾ" ಅಂದ. ಹೋದಳು. ಒಳ್ಳೆಯ ಕವರು ಒಂದು ಕಡೆ, ಕೆಟ್ಟದ್ದು ಒಂದು ಕಡೆ, ನೂರಕ್ಕೊಂದು ಕಟ್ಟು. ಜೊತೆಗೆ ಹೊನ್ನಕ್ಕ ಇದ್ದಳು. ಬಾಯಿ ಜೋರು, ಮನಸ್ಸು ಒಳ್ಳೆಯದು. ಮಿಷನ್ನಿಗೆ ಹೊಸದಾಗಿ ಚಿಕ್ಕನರಸಯ್ಯನನ್ನು ಹಾಕಿದ್ದರು. ನಾಗಲಿಂಗಯ್ಯನ ಕೈಕೆಳಗೆ ವರ್ಷ ಕಾಲ ಎಣ್ಣೆ ಬಿಟ್ಟವನು. ಮಿಷನ್ನು ಓಡಿಸಲು ಬರುತ್ತಿತ್ತು. ಹೊತ್ತು ಕೂರಿಸಲು ಬರುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಅದಕ್ಕೇ ಸದಾ ಹೆದರಿಕೆಯಲ್ಲಿರುತ್ತಿದ್ದ.

ಕೆಲಸಕ್ಕೆ ಹೋದ ಮೊದಲ ದಿನ ಸಿದ್ದಗಂಗಮ್ಮ ಆ ಅರಗಿನ ಮೇಲೆ ತನ್ನ ಬೆರಳಿಟ್ಟು ನೋಡಿದಳು. ಕುಳಿ ಅವಳ ಬೆರಳಿಗಿಂತ ಅಗಲ. ಕೈ ತೆಗೆದು ಹೋಗಿ ಕವರಿನ ಮುಂದೆ ಕೂತಳು.

ಆಯುಧಪೂಜೆ ಬಂತು. ಮಿಷನ್ನು ತೊಳೆದು ಬಾಳೆಕಂದು ಕಟ್ಟಿದರು. ಹೊಸದಾಗಿ ಬಂದಿದ್ದ ಆರು ರೀಲುಗಳನ್ನು ಗೋಡೆಗೆ ಸಾಲಾಗಿ ನಿಲ್ಲಿಸಿದ್ದರು. ಯಜಮಾನನ ಹೆಂಡತಿ ಅರಿಸಿನ ಕುಂಕುಮ ಹಚ್ಚಿದಳು, ಹೊನ್ನಕ್ಕ ಹೂವು ಮುಡಿಸಿದಳು. ಸಿದ್ದಗಂಗಮ್ಮ ಹಣೆಗೆ ವಿಭೂತಿ ಇಟ್ಟುಕೊಂಡು ಬಾಗಿಲ ಬಳಿ ನಿಂತಿದ್ದಳು. ಯಾರೂ ಬೇಡ ಅನ್ನಲಿಲ್ಲ. ಯಾರೂ ಬಾ ಅನ್ನಲಿಲ್ಲ.

ಬೂದುಗುಂಬಳ ಒಡೆಯಲು ಎಲ್ಲರೂ ಬೀದಿಗೆ ಹೋದರು. ಅವಳು ಒಳಗೆ ಬಂದಳು. ಕುಂಕುಮ ಮುಟ್ಟುವ ಹಾಗಿಲ್ಲ ಸರಿ. ಕಾಡಿಗೆಗೆ ಯಾರ ಅಡ್ಡಿ? ಕಪ್ಪಿಗೆ ಮುತ್ತೈದೆ, ವಿಧವೆ ಎಂಬ ಭೇದವಿಲ್ಲ. ಮಗಳಿಗೆಂದು ಹರಳೆಣ್ಣೆಯ ದೀಪದಲ್ಲಿ ಹಿಡಿದ ಕಾಡಿಗೆಯ ಡಬ್ಬಿ ಸೆರಗಿನ ಗಂಟಿನಲ್ಲಿತ್ತು. ಅವನೇ ಹೇಳಿದ್ದನಲ್ಲ, ಬೊಟ್ಟಿಲ್ಲದಿದ್ದರೆ ಮಿಷನ್ನು ಕೆಡ್ತದೆ ಅಂತ. ಅವನಿದ್ದಾಗ ಅವನೇ ಇಡುತ್ತಿದ್ದನೇನೋ. ಈಗ ಇಡುವವರು ಯಾರು?

ರೀಲಿನ ಮಗ್ಗುಲಲ್ಲಿ, ಕರಿ ಗುರುತುಗಳಿದ್ದ ಬದಿಗೇ ಬೆರಳಿಟ್ಟಳು. ಅಷ್ಟು ದೊಡ್ಡ ಮೈಗೆ ಒಂದು ಚುಕ್ಕೆ ಸಾಲದು ಅನ್ನಿಸಿತು. ನಡುವಿನ ತೂತಿನಿಂದ ಹೊರಗಿನ ಅಂಚಿನವರೆಗೆ ಉದ್ದಕ್ಕೆ ಗೆರೆ ಎಳೆದಳು. ಹೀಗೆ ಐದು ರೀಲಿಗೆ ಇಟ್ಟಳು. ಆರನೆಯದರ ಗುರುತಿದ್ದ ಬದಿ ಗೋಡೆಗೆ ಒತ್ತಿಕೊಂಡಿತ್ತು, ಕೈ ಹೋಗಲಿಲ್ಲ. ಅಂಚಿನಲ್ಲಿ ಮೊದಲೇ ನೂರೆಂಟು ಕರಿ ಗುರುತುಗಳಿದ್ದವು. ಇನ್ನೊಂದು ಗೆರೆ ಯಾರ ಕಣ್ಣಿಗೂ ಬೀಳಲಿಲ್ಲ.

ಹಬ್ಬ ಕಳೆದು ಬುಧವಾರ ಮೊದಲನೇ ರೀಲು ಹಾಕಿದರು. ಏಳೆಂಟು ಕವರು ಚೆನ್ನಾಗಿ ಬಂದವು. ಆಮೇಲೆ ಒಂದು, ನಡು ಸೊಂಟಕ್ಕೆ ಕತ್ತರಿಸಿಕೊಂಡು, ಮುಖದ ಮೇಲೆ ಹೆಸರು ಹೊತ್ತುಕೊಂಡು ಬಿತ್ತು.

"ಲಕ್ಷ್ಮಿ ಮೊಕದ್ ಮ್ಯಾಲೆ ರುದ್ರಯ್ಯ ಕುಂತವ್ನೆ" ಅಂದಳು ಹೊನ್ನಕ್ಕ. "ಎಂಡ್ರು ಕಂಡ್ರೆ ಬುಡ್ತಾಳಾ?"

ಎಲ್ಲರೂ ನಕ್ಕರು. ಮತ್ತೆ ಏಳೆಂಟು ಸರಿ, ಮತ್ತೊಂದು ಕೆಟ್ಟಿತು. ಮಧ್ಯಾಹ್ನಕ್ಕೆ ಐದಕ್ಕೊಂದು. ಸಂಜೆ ಹೊತ್ತಿಗೆ ಎರಡಕ್ಕೊಂದು. ನಗು ನಿಂತಿತು. ಗುರುವಾರ ಹೊಸ ರೀಲು ಹಾಕಿದರೆ ಬೆಳಿಗ್ಗೆ ಮತ್ತೆ ಎಂಟಕ್ಕೊಂದು, ಸಂಜೆ ಎರಡಕ್ಕೊಂದು. ಶುಕ್ರವಾರವೂ ಅದೇ ಕಥೆ.

"ಬಿಸಿ ಏರ್ದಂಗೆಲ್ಲ ಬುದ್ಧಿ ಕೆಡ್ತದೆ ಇದಕ್ಕೆ" ಅಂದ ಚಿಕ್ಕನರಸಯ್ಯ. ಶಂಕರಲಿಂಗಪ್ಪ ಸುಮ್ಮನೆ ಅವನ ಮುಖ ನೋಡಿದ. ಚಿಕ್ಕನರಸಯ್ಯ ಬಾಯಿಗೆ ಬಂದದ್ದು ಆಡಿಬಿಟ್ಟ. "ನಂದೇನಿಲ್ಲ ಯಜಮಾನ್ರೆ. ನಾಗಲಿಂಗಣ್ಣ ಅಂಗೇ ಕಟ್ಟಿ ಓಗವ್ನೆ. ತಾನಿಲ್ದೆ ಮಿಷನ್ನು ನಡೀಬಾರ್ದು ಅಂತ."

ಸಿದ್ದಗಂಗಮ್ಮನ ಕೈ ಕವರಿನ ಮೇಲೆ ಹಾಗೇ ನಿಂತಿತು. ಗೂಬೆ ಕೂರಿಸುವುದಕ್ಕೆ ಸತ್ತವನ ತಲೆಯಷ್ಟು ಹದವಾದ ಜಾಗ ಬೇರೆ ಇಲ್ಲ. ಎದ್ದು ಬಂದು ಇಲ್ಲ ಅನ್ನುವ ಹಾಗಿಲ್ಲ ಅವನು.

"ಸೋಮವಾರ ತುಮಕೂರಿಂದ ಮೆಕ್ಯಾನಿಕ್ ಜಯರಾಮಯ್ಯನ್ನ ಕರೆಸ್ತೀನಿ" ಅಂದ ಶಂಕರಲಿಂಗಪ್ಪ. "ಆ ಅರಗು ಒಡೆದಾಕಿ ಹೊಸ್ದಾಗಿ ಟೈಮಿಂಗ್ ಕೂರಿಸ್ಲಿ."

ಅವಳು ಮನೆಗೆ ಬಂದು ಗೋಡೆ ನೋಡುತ್ತಾ ಕೂತಳು. ಅರಗು ಒಡೆದರೆ ಏನು ಹೋಗುತ್ತದೆ ಎಂದು ಯಾರಾದರೂ ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಅವನ ಫೋಟೊ ಕೂಡ ನೆಟ್ಟಗಿನದೊಂದಿರಲಿಲ್ಲ. ಇದ್ದದ್ದು ಆ ಬೆರಳ ಗುರುತು. ಅದನ್ನೂ ಒಡೆದು, ಕೆಡಿಸಿ ಹೋದವನು ಎಂಬ ಹೆಸರು ಇಡುತ್ತಾರೆ.

"ಅಪ್ಪ ಕೆಡಿಸಿದ್ದಾ ಅವ್ವ?" ಅಂದಳು ಮಗಳು. ಮಾತು ಅಷ್ಟರಲ್ಲೇ ಊರಿಗೆ ಹಬ್ಬಿತ್ತು.

"ಸುಮ್ನೆ ಉಣ್ಣು."

ಉಣ್ಣುವಾಗಲೂ ಕಣ್ಣು ಗೋಡೆಯ ಮೇಲೇ. ಕಿರೀಟದ ದಿನ ಎಲ್ಲ ಕವರಿಗೂ ಹೆಸರು ಕಿರೀಟದ ಮೇಲೇ ಬಿದ್ದಿತ್ತು. ಅವನೇ ಹೇಳಿದ್ದ. ಮುಖದ ದಿನ ಎಲ್ಲಕ್ಕೂ ಮುಖದ ಮೇಲೇ. ಹೊತ್ತು ತಪ್ಪಿದರೆ ಎಲ್ಲಕ್ಕೂ ಒಂದೇ ತಪ್ಪು. ಒನಕೆ ತಪ್ಪಿದರೆ ಒಂದೊಂದು ಏಟೂ ತಪ್ಪುತ್ತದೆ. ಏಳು ನೆಟ್ಟಗೆ ಬಿದ್ದು ಎಂಟನೆಯದು ಮಾತ್ರ ಯಾಕೆ ತಪ್ಪಬೇಕು?

ಹೊತ್ತು ಸರಿ ಇದೆ. ತಪ್ಪು ಬೇರೆಲ್ಲೋ ಇದೆ.

ಶನಿವಾರ ನಾಲ್ಕನೇ ರೀಲು ಓಡುತ್ತಿತ್ತು. ಅವಳು ಕೆಟ್ಟ ಕವರುಗಳನ್ನಷ್ಟೇ ಮುಂದೆ ಹರಡಿಕೊಂಡು ಕೂತಳು. ಒಳ್ಳೆಯದರಲ್ಲಿ ಇಲ್ಲದ್ದು ಇದರಲ್ಲಿ ಏನಿದೆ ಎಂದು ತಿರುಗಿಸಿ ತಿರುಗಿಸಿ ನೋಡಿದಳು. ಅಡ್ಡಾದಿಡ್ಡಿ ಕತ್ತರಿಸಿದ ಜಾಗದ ಹತ್ತಿರ, ಅಂಚಿನಲ್ಲಿ, ಗೋಧಿ ಕಾಳಿನಷ್ಟು ಬೂದು ಕಲೆ. ಒಂದರಲ್ಲಿ ಅಲ್ಲ, ಎಲ್ಲದರಲ್ಲೂ. ಹೆಬ್ಬೆರಳಲ್ಲಿ ಉಜ್ಜಿದಳು. ಜಿಡ್ಡು. ಮೂಗಿಗೆ ಹಿಡಿದಳು.

ಹರಳೆಣ್ಣೆ. ಸುಟ್ಟ ಬತ್ತಿ.

ಮಗಳು ಹುಟ್ಟಿದಾಗಿನಿಂದ ಹತ್ತು ವರ್ಷ ತನ್ನ ಕೈಯಲ್ಲೇ ಇದ್ದ ವಾಸನೆ. ಎಲ್ಲ ಒಂದೇ ಏಟಿಗೆ ತಿಳಿಯಿತು. ರೀಲಿನ ಮಗ್ಗುಲಿಗೆ ಗೆರೆ ಎಳೆದರೆ ಸುತ್ತು ಸುತ್ತಿಗೂ ಒಂದು ಕಲೆ. ಎಣ್ಣೆ ಕಾಗದದ ಒಳಕ್ಕೂ ಇಳಿದಿದೆ. ಮಿಷನ್ನಿನ ಕಣ್ಣಿಗೆ ಕರಿ ಬೊಟ್ಟು ಯಾವುದಾದರೇನು? ಕಂಡಲ್ಲಿ ಕತ್ತಿ ಬಿಡುತ್ತದೆ. ರೀಲು ದಪ್ಪಗಿದ್ದಾಗ ಒಂದು ಸುತ್ತಿಗೆ ಎಂಟು ಕವರು. ತೆಳ್ಳಗಾಗುತ್ತಾ ಐದು. ಕೊನೆಗೆ ಎರಡು. ದಾರದುಂಡೆ ಬಿಚ್ಚುವ ಹೆಂಗಸಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಭಾನುವಾರ ಪ್ರೆಸ್ಸಿಗೆ ರಜ. ಇಡೀ ದಿನ ಅವಳು ತನ್ನೊಳಗೇ ಜಗಳ ಆಡಿದಳು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಬೊಟ್ಟಿಟ್ಟ ರೀಲು ಇನ್ನೊಂದೇ ಉಳಿದಿದೆ. ಅದು ಮುಗಿದರೆ ಕಾಟವೂ ಮುಗಿಯುತ್ತದೆ. ಆಮೇಲೆ ಜನ ಏನಂದಾರು? ನಾಗಲಿಂಗಯ್ಯ ಕೆಡಿಸಿದ್ದನ್ನು ತುಮಕೂರಿನವನು ಸರಿಮಾಡಿದ ಅಂದಾರು. ಬಾಯಿಬಿಟ್ಟರೆ, ನಾಲ್ಕು ರೀಲು ಹಾಳು ಮಾಡಿದವಳನ್ನು ಶಂಕರಲಿಂಗಪ್ಪ ಇಟ್ಟುಕೊಳ್ಳುತ್ತಾನೆಯೇ? ಮಗಳ ಹೊಟ್ಟೆಗೆ ಏನು?

ಸೋಮವಾರ ಜಯರಾಮಯ್ಯ ಬಂದ. ವಯಸ್ಸಾದವನು, ದಪ್ಪ ಕನ್ನಡಕ, ಚರ್ಮದ ಚೀಲ. ಮಿಷನ್ನಿನ ಸುತ್ತ ಎರಡು ಸಲ ತಿರುಗಿದ. ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ತುದಿಯನ್ನು ಅರಗಿನ ಮೇಲಿಟ್ಟ. ಇನ್ನೊಂದು ಕೈ ಸುತ್ತಿಗೆಗೆ ಹೋಯಿತು.

"ಅರಗು ಒಡೀಬ್ಯಾಡಿ" ಅಂದಳು ಸಿದ್ದಗಂಗಮ್ಮ.

"ಯಾಕಮ್ಮ?"

"ತಪ್ಪು ಅಲ್ಲಿಲ್ಲ. ತಪ್ಪು ನಂದು. ರೀಲಿಗೆ ನಾನು ಕಾಡಿಗೆ ಹಚ್ಚಿದೀನಿ."

ಶಂಕರಲಿಂಗಪ್ಪ ಹತ್ತಿರ ಬಂದ. "ಏನ್ ಹಚ್ಚಿದೀಯ?"

"ಕಾಡಿಗೆ. ದೃಷ್ಟಿ ತಾಕ್ಬಾರ್ದು ಅಂತ. ಪೂಜೆ ದಿವ್ಸ."

"ನಿಂಗ್ಯಾರು ಹೇಳಿದ್ದು ಹಚ್ಚು ಅಂತ?"

ಅವನೇ ಹೇಳಿದ್ದ. ಆದರೆ ಗಂಡನ ಹೆಸರನ್ನು ಅವಳು ಬಾಯಿ ಬಿಟ್ಟು ಆಡಲಿಲ್ಲ. "ಯಾರೂ ಹೇಳ್ಲಿಲ್ಲ ಯಜಮಾನ್ರೆ. ನನ್ ಬುದ್ಧಿ. ಆ ಗೋಡೆ ಕಡೆ ರೀಲು ಹಾಕಿ ನೋಡಿ. ಅದಕ್ಕೆ ನನ್ ಕೈ ಎಟುಕ್ಲಿಲ್ಲ. ಅದೂ ಕೆಟ್ರೆ ಆಮ್ಯಾಲೆ ಅರಗು ಒಡೀರಿ."

ಜಯರಾಮಯ್ಯ ಸುತ್ತಿಗೆ ಕೆಳಗಿಟ್ಟ. ಉಳಿದ ಐದನೇ ರೀಲಿನ ಮಗ್ಗುಲಿಗೆ ಬಗ್ಗಿ, ಕನ್ನಡಕ ಎತ್ತಿ, ಗೆರೆ ನೋಡಿದ. ಹೊನ್ನಕ್ಕನೂ ಬಗ್ಗಿದಳು. "ಅಯ್ಯೋ ಶಿವನೇ, ರೀಲಿಗೆ ನಾಮ ಎಳ್ದವ್ಳೆ ಕಣಪ್ಪ."

ಚಿಕ್ಕನರಸಯ್ಯ ಆರನೇ ರೀಲು ಏರಿಸಿದ. ಮಿಷನ್ನು ಓಡಿತು. ಎಂಟು ಕವರು ಬಿದ್ದವು. ಒಂಬತ್ತನೆಯದೂ ನೆಟ್ಟಗೆ ಬಿತ್ತು. ಇಪ್ಪತ್ತು, ಐವತ್ತು. ಸಿದ್ದಗಂಗಮ್ಮ ಬಗ್ಗಿ ಒಂದೊಂದನ್ನೇ ಎತ್ತಿ ನೋಡುತ್ತಿದ್ದಳು. ನೂರಾಯಿತು. ಎಲ್ಲದರಲ್ಲೂ ರುದ್ರಯ್ಯ ಪಾದದ ಕೆಳಗೆ, ಪಟ್ಟಿಯ ನಡುಮಧ್ಯೆ.

ಜಯರಾಮಯ್ಯ ಒಂದು ಕವರನ್ನು ಸ್ಕೇಲಿಟ್ಟು ಅಳೆದ, ಇನ್ನೊಂದನ್ನು ಅಳೆದ. "ಇದನ್ನ ಕೂರಿಸಿದವರು ಯಾರು?"

"ಈವಮ್ಮನ ಯಜಮಾನ" ಅಂದ ಶಂಕರಲಿಂಗಪ್ಪ. "ತೀರಿಕೊಂಡ."

"ಕೂದಲೆಳೆಯಷ್ಟು ಆಚೀಚೆ ಇಲ್ಲ. ನಾನು ಮುಟ್ಟಿದರೇ ಕೆಡೋದು." ಸ್ಕ್ರೂಡ್ರೈವರ್ ಚೀಲಕ್ಕೆ ಹೋಯಿತು. ಐದನೇ ರೀಲಿಗೆ ಅವನೇ ದಾರಿ ತೋರಿಸಿದ. ಕರಿ ಗುರುತು ಬೆರಳಗಲ, ಎಣ್ಣೆ ಇಳಿದಿರುವುದು ಕಾಳಿನಗಲ. ಕಣ್ಣನ್ನು ಅಂಚಿನಿಂದ ಒಳಗೆ ಅಷ್ಟೇ ಅಗಲ ಸರಿಸಿದರೆ ಗುರುತು ಕಾಣುತ್ತದೆ, ಕಲೆ ಕಾಣುವುದಿಲ್ಲ. ಪಕ್ಕಕ್ಕೆ ಸರಿಸಿದರೆ ಹೊತ್ತು ಕೆಡುವುದಿಲ್ಲ. ಅರಗಿನ ತಂಟೆಗೇ ಹೋಗಬೇಕಾಗಿಲ್ಲ.

ಶಂಕರಲಿಂಗಪ್ಪ ಕೆಟ್ಟ ಕವರಿನ ರಾಶಿ ನೋಡಿದ, ಅವಳನ್ನು ನೋಡಿದ. ಅವಳು ತನ್ನ ಬುತ್ತಿಯ ಚೀಲ ಕೈಗೆ ತಗೊಂಡು ನಿಂತಿದ್ದಳು.

"ಲಿಂಗವಂತರ ಹೆಣ್ಣಾಗಿ ನಂಗೆ ನಾಮ ಹಾಕಿದ್ಯಲ್ಲಮ್ಮ" ಅಂದ. ಹೊನ್ನಕ್ಕ ಕಿಸಕ್ಕನೆ ನಕ್ಕಳು. ಅವನು ನಗಲಿಲ್ಲ. "ಚೀಲ ಯಾಕೆ ಹಿಡ್ಕಂಡಿದೀಯ? ಇಡು. ಆರಿಸೋದು ರಾಶಿ ಬಿದ್ದದೆ" ಅಂದ.

ಮಧ್ಯಾಹ್ನ ಊಟದ ಹೊತ್ತಿಗೆ ಚಿಕ್ಕನರಸಯ್ಯ ಬಂದು ಪಕ್ಕದಲ್ಲಿ ನಿಂತ. "ಅಕ್ಕಾ, ಬಾಯ್ ತಪ್ಪಿ ಅಂದ್ಬುಟ್ಟೆ."

"ನಂಗಲ್ಲ ಅಂದಿದ್ದು. ಅವ್ರಿಗೆ ಅಂದಿದ್ದು. ಅಲ್ಲೋಗಿ ಹೇಳು."

ಆಮೇಲೆ ಅವಳು ತಲೆ ಎತ್ತಿದಾಗ, ಚಿಕ್ಕನರಸಯ್ಯ ಹತ್ತಿಬಟ್ಟೆಯಲ್ಲಿ ಅರಗಿನ ಸುತ್ತಲಿನ ಎಣ್ಣೆ ಜಿಡ್ಡನ್ನು ಮೆಲ್ಲಗೆ ಒರೆಸುತ್ತಿದ್ದ.

ಸಂಜೆ ಹೊರಡುವಾಗ ಕೆಟ್ಟ ರಾಶಿಯಿಂದ ಒಂದನ್ನು ಕೇಳಿ ತಂದಳು. ಮುಖದ ಮೇಲೆ ರುದ್ರಯ್ಯ, ಸೊಂಟದಲ್ಲಿ ಕತ್ತಿಯ ಗಾಯ, ಅಂಚಿನಲ್ಲಿ ಬೂದು ಕಲೆ. ಎರಡು ತುಂಡನ್ನೂ ಜೋಡಿಸಿ, ಮೈದಾ ಕಾಯಿಸಿ, ಒಂಬತ್ತನೆಯದರ ಪಕ್ಕದಲ್ಲಿ ಅಂಟಿಸಿದಳು.

ಮಗಳು ಬಂದು ನೋಡಿದಳು. "ಇದೂ ಅಪ್ಪಂದಾ?"

"ಇಲ್ಲ" ಅಂದಳು ಸಿದ್ದಗಂಗಮ್ಮ. "ಇದು ನಂದು. ಅಪ್ಪಂದು ಒಂಬತ್ತಕ್ಕೇ ಸರಿ ಓಯ್ತು."